ಬೆನ್-ಗುರಿಯನ್ ರಾಜೀನಾಮೆ: 1953 ಸರಿಯೋ, 1963 ಸರಿಯೋ?

ಬೆನ್-ಗುರಿಯನ್ ರಾಜೀನಾಮೆ ಕೊಟ್ಟ ವರ್ಷ ಕೇಳುವ ಕ್ವಿಜ್ ಪ್ರಶ್ನೆಗೆ 1953 ಬರೆಯಬೇಕೋ, 1963 ಬರೆಯಬೇಕೋ ಅಂತ ನೀವು ಕೇಳಿದ್ದೀರಿ. ಡೇವಿಡ್ ಬೆನ್-ಗುರಿಯನ್ ಇಸ್ರೇಲಿನ ಪ್ರಧಾನಿ ಹುದ್ದೆ ಬಿಟ್ಟು ಹೋಗಿದ್ದು ಎರಡು ಸಲ. ನಿಮ್ಮ ಗೊಂದಲಕ್ಕೆ ಕಾರಣ ಅದೇ ಇರಬೇಕು. ಎರಡೂ ಇಸವಿ ಸರಿ. ಕ್ವಿಜ್ ಪ್ರಶ್ನೆಯ ಪೂರ್ತಿ ಸಾಲು ನೀವು ಹಾಕಿಲ್ಲ, ಹಾಗಾಗಿ ಯಾವುದು ಬೇಕು ಅಂತ ಖಚಿತವಾಗಿ ಹೇಳಲಾರೆ.

ಮೊದಲು ಪ್ರಶ್ನೆಯಲ್ಲಿ ಮರುಭೂಮಿ, ಕಿಬ್ಬುತ್ಸ್ (ಎಲ್ಲರೂ ಒಟ್ಟಾಗಿ ಬದುಕಿ ದುಡಿಯುವ ಹಳ್ಳಿ) ಅಂತ ಏನಾದರೂ ಇದೆಯಾ ನೋಡಿ. ಇದ್ದರೆ ಉತ್ತರ 1953. ಹಿಸ್ತದ್ರುತ್ ಕಾರ್ಮಿಕ ಒಕ್ಕೂಟವನ್ನು ವರ್ಷಗಟ್ಟಲೆ ನಡೆಸಿ, 1948ರ ಮೇ 14ರಂದು ಇಸ್ರೇಲಿನ ಸ್ವಾತಂತ್ರ್ಯ ಘೋಷಣೆ ಓದಿದ ಮನುಷ್ಯ, 67ನೇ ವಯಸ್ಸಿನಲ್ಲಿ ನೆಗೆವ್ ಮರುಭೂಮಿಯ ಸ್ದೆ ಬೋಕರ್ ಕಿಬ್ಬುತ್ಸ್‌ಗೆ ಹೋಗಿ ಕುರಿ ನೋಡಿಕೊಂಡರು! ಅಲ್ಲಿನ ಅವರ ಪುಟ್ಟ ಮನೆ ಈಗಲೂ ಇದೆ. ಮಲಗುವ ಕೋಣೆಯ ಗೋಡೆಯ ಮೇಲೆ ನಮ್ಮ ಗಾಂಧೀಜಿಯ ಚಿತ್ರ. ನನಗೆ ತುಂಬಾ ಇಷ್ಟವಾದ ವಿವರ ಇದು.

ಅವರ ಜಾಗಕ್ಕೆ ಮೋಶೆ ಶರೆಟ್ ಪ್ರಧಾನಿಯಾಗಿದ್ದು 1954ರ ಜನವರಿಯಲ್ಲಿ. ಕೆಲವು ಪಟ್ಟಿಗಳಲ್ಲಿ 1954 ಅಂತ ಇರುವುದು ಅದಕ್ಕೇ. 1955ರ ನವೆಂಬರ್‌ನಲ್ಲಿ ಬೆನ್-ಗುರಿಯನ್ ಮತ್ತೆ ಪ್ರಧಾನಿಯಾದರು.

ಪ್ರಶ್ನೆಯಲ್ಲಿ ‘ಕೊನೆಯ ಸಲ’ ಅಂತಲೋ, ನಂತರ ಪ್ರಧಾನಿಯಾದ ಲೆವಿ ಎಷ್ಕೋಲ್ ಹೆಸರೋ ಇದ್ದರೆ 1963 ಬರೆಯಿರಿ. ಯಾವ ಸುಳಿವೂ ಇಲ್ಲದಿದ್ದರೆ ಎರಡನ್ನೂ ಬರೆದು, ಪಕ್ಕದಲ್ಲಿ ‘ಮೊದಲ ಸಲ’, ‘ಎರಡನೇ ಸಲ’ ಅಂತ ಸೇರಿಸಿ.