ಅಕ್ಕನ ಪಿಎಫ್‌ನಲ್ಲಿ ಕಟ್ ಆದ 8,000 ವಾಪಸ್ ಬರತ್ತಾ?

ಗಾರ್ಮೆಂಟ್ಸ್ ಕೆಲಸ ಬಿಟ್ಟ ಅಕ್ಕ 80,000 ಪಿಎಫ್ ತೆಗೆದಾಗ 8,000 ಕಟ್ ಆಗಿದೆ, ಈಗ 15ಜಿ ಫಾರ್ಮ್ ಕೊಟ್ರೆ ವಾಪಸ್ ಬರತ್ತೆ ಅಂತ ಸೈಬರ್ ಸೆಂಟರ್‌ನವ್ರು ಹೇಳ್ತಿದ್ದಾರೆ, ನಿಜಾನಾ ಅಂತ ಕೇಳಿದ್ದೀರಿ.

5 ವರ್ಷ ಸರ್ವಿಸ್ ತುಂಬೋ ಮುಂಚೆ 50,000 ಅಥವಾ ಜಾಸ್ತಿ ಪಿಎಫ್ ತೆಗೆದ್ರೆ, 15ಜಿ ಫಾರ್ಮ್ (ತೆರಿಗೆ ಬೀಳೋಷ್ಟು ಆದಾಯ ನನಗಿಲ್ಲ ಅಂತ ಬರೆದುಕೊಡೋದು) ಕೊಟ್ಟಿಲ್ಲ ಅಂದ್ರೆ 10% ಟಿಡಿಎಸ್, ಅಂದ್ರೆ ದುಡ್ಡು ಕೊಡುವಾಗಲೇ ಮುರ್ಕೊಳ್ಳೋ ತೆರಿಗೆ, ಹಿಡೀತಾರೆ, ಗಾರ್ಮೆಂಟ್ಸ್ ಬಿಟ್ಟ ನಿಮ್ಮ ಅಕ್ಕನ 80,000ದಲ್ಲಿ 8,000 ಹೋಗಿರೋದು ಬಹುಶಃ ಅದಕ್ಕೇ. ಕಟ್ ಆದ್ಮೇಲೆ 15ಜಿ ಕೊಟ್ಟು ಉಪಯೋಗ ಇಲ್ಲ, ಸೈಬರ್ ಸೆಂಟರ್‌ನವ್ರು ಏನೇ ಹೇಳ್ಲಿ. ರಿಟರ್ನ್ ಹಾಕಿ ರಿಫಂಡ್ ತಗೋಬೇಕು.

ಮೊದ್ಲು ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ಅಕ್ಕನ ಪ್ಯಾನ್‌ನಿಂದ ಲಾಗಿನ್ ಆಗಿ 26ಎಎಸ್ (ಅವರ ಪ್ಯಾನ್ ಮೇಲೆ ಕಟ್ ಆದ ತೆರಿಗೆಯ ಪಟ್ಟಿ) ನೋಡಿ, ಆ 8,000 ಅಲ್ಲಿ ಕಾಣ್ಬೇಕು, ಈಗಷ್ಟೇ ಕಟ್ ಆಗಿದ್ರೆ ಆ ಮೂರು ತಿಂಗಳ ಟಿಡಿಎಸ್ ಲೆಕ್ಕ ಪಿಎಫ್ ಆಫೀಸ್‌ನವ್ರು ಸಲ್ಲಿಸೋ ತನಕ ಬರಲ್ಲ. ಆಮೇಲೆ ರಿಫಂಡ್ ಬರಬೇಕಾದ ಬ್ಯಾಂಕ್ ಅಕೌಂಟ್‌ನ ಅದೇ ಪೋರ್ಟಲ್‌ನಲ್ಲಿ ಪ್ರೀ-ವ್ಯಾಲಿಡೇಟ್ ಮಾಡಿ, ಅಂದ್ರೆ ಅಕೌಂಟ್ ಅಕ್ಕನದೇ ಅಂತ ಮೊದ್ಲೇ ಖಚಿತ ಮಾಡಿಸಿ. ಪ್ಯಾನ್‌ನಲ್ಲಿ ಅಪ್ಪನ ಹೆಸರು, ಪಾಸ್‌ಬುಕ್‌ನಲ್ಲಿ ಗಂಡನ ಹೆಸರು ಅಂತ ಇದ್ರೆ ಇಲ್ಲೇ ಸಿಕ್ಕಾಕೊಳ್ಳೋದು, ಮುಂಚೆನೇ ಸರಿ ಮಾಡಿಸ್ಕೊಳ್ಳಿ. ಮಾರ್ಚ್ ಮುಗಿದ ಮೇಲೆ ರಿಟರ್ನ್ ಹಾಕುವಾಗ ಸಂಬಳದ ಜೊತೆ ಪಿಎಫ್‌ನ ಕಂಪನಿ ಪಾಲು, ಬಡ್ಡಿ ಎಲ್ಲಾ ತೋರಿಸಿ, 30 ದಿನದೊಳಗೆ ಆಧಾರ್ ಓಟಿಪಿಯಿಂದ ಇ-ವೆರಿಫೈ ಮಾಡಿ. ಒಟ್ಟು ಆದಾಯ ತೆರಿಗೆ ಮಿತಿಯೊಳಗೆ ಇದ್ರೆ ಪೂರ್ತಿ 8,000 ಅಕೌಂಟಿಗೆ ಬರತ್ತೆ.

ಅಕ್ಕನೇ ಕೆಲಸ ಬಿಟ್ರಾ ಇಲ್ಲಾ ಫ್ಯಾಕ್ಟರಿ ಮುಚ್ಚಿ ಹೋಯ್ತಾ ಅಂತ ನೀವು ಬರೆದಿಲ್ಲ. ಮುಚ್ಚಿದ್ದಾದ್ರೆ 5 ವರ್ಷ ಆಗದಿದ್ರೂ ಆ ದುಡ್ಡಿಗೆ ಟ್ಯಾಕ್ಸೇ ಇಲ್ಲ, ಅದಕ್ಕೊಂದು ಕಾಗದ ಇಟ್ಕೊಂಡು ರಿಟರ್ನ್‌ನಲ್ಲಿ ವಿನಾಯ್ತಿ ಅಂತಲೇ ತೋರಿಸಿ.