ಸೋಪಿನ ಅಣು ಉಂಡೆ ಕಟ್ಟುತ್ತೋ ಹಾಳೆಯಾಗುತ್ತೋ, ಮೊದಲೇ ಹೇಳಬಹುದಾ?

ಹೇಳಬಹುದು, ಕ್ಯಾಲ್ಕುಲೇಟರ್ ಇದ್ದರೆ ಸಾಕು. ನೀರಲ್ಲಿ ಸೋಪಿನ ಅಣುಗಳು ತಾವೇ ಸೇರಿ ಮಿಸೆಲ್ ಅನ್ನುವ ಪುಟ್ಟ ಉಂಡೆ ಕಟ್ಟುತ್ತವೆ, ಲಿಪಿಡ್‌ಗಳು (ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನಂಥ ಅಣುಗಳು) ಎರಡು ಪದರದ ಹಾಳೆಯಾಗುತ್ತವೆ, ಇದನ್ನು ಊಹಿಸಲು ಸಿಮ್ಯುಲೇಶನ್, ಅಂದರೆ ಅಣುಗಳ ಓಡಾಟವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು, ಮಾಡಲೇಬೇಕಾ ಅಂತ ಕೇಳಿದ್ದೀರಿ. ನನ್ನ ಕೆಲಸವೇ ಸಿಮ್ಯುಲೇಶನ್. ಆದರೂ ಮೊದಲು ಪೆನ್ನು, ಹಾಳೆ ತಗೊಳ್ಳಿ ಅಂತಲೇ ಹೇಳುತ್ತೇನೆ.

ಇಸ್ರೇಲಾಚ್ವಿಲಿ, ಮಿಚೆಲ್, ನಿನ್ಹಮ್ ಎಂಬ ವಿಜ್ಞಾನಿಗಳು 1976ರಲ್ಲಿ ತೋರಿಸಿದ ದಾರಿ ಇದು. ಇಂಥ ಅಣುವಿಗೆ ನೀರನ್ನು ಇಷ್ಟಪಡುವ ತಲೆ, ನೀರಿನಿಂದ ದೂರ ಸರಿಯುವ ಕಾರ್ಬನ್ ಸರಪಳಿಯ ಬಾಲ ಇರುತ್ತವೆ. ಬಾಲದ ಉದ್ದವನ್ನು ತಲೆ ಹಿಡಿಯುವ ಜಾಗದಿಂದ ಗುಣಿಸಿ. ಬಂದದ್ದರಿಂದ ಬಾಲದ ಗಾತ್ರವನ್ನು ಭಾಗಿಸಿ. ಉತ್ತರ 1/3ರೊಳಗಿದ್ದರೆ ಉಂಡೆ, 1/2ರವರೆಗೆ ಉದ್ದನೆಯ ಕೋಲು, ಅಲ್ಲಿಂದ 1ರವರೆಗೆ ಹಾಳೆ.

ಟೂತ್‌ಪೇಸ್ಟಿಗೆ ನೊರೆ ಬರಲೆಂದು ಹಾಕುವ ಎಸ್‌ಡಿಎಸ್ (ಸೋಡಿಯಂ ಡೋಡೆಸೈಲ್ ಸಲ್ಫೇಟ್) ನೋಡಿ. ಬಾಲದಲ್ಲಿ 12 ಕಾರ್ಬನ್. ಕಾರ್ಬನ್ ಎಣಿಕೆಯಿಂದ ಬಾಲದ ಅಳತೆ ಹೇಳುವ ಟ್ಯಾನ್‌ಫೋರ್ಡ್ ಸೂತ್ರದ ಪ್ರಕಾರ ಗಾತ್ರ 0.35 ಘನ ನ್ಯಾನೋಮೀಟರ್, ಪೂರ್ತಿ ಚಾಚಿದಾಗಿನ ಉದ್ದ 1.67 ನ್ಯಾನೋಮೀಟರ್. ತಲೆಗೆ ಸುಮಾರು 0.6 ಚದರ ನ್ಯಾನೋಮೀಟರ್ ಜಾಗ. ಉತ್ತರ 0.35, ಉಂಡೆಯ ಗಡಿಯಲ್ಲೇ ಇದೆ. ಇನ್ನೂ ಒಂದು ಹೆಜ್ಜೆ ಹೋಗಿ: 1.67 ನ್ಯಾನೋಮೀಟರ್ ತ್ರಿಜ್ಯದ ಗೋಳದಲ್ಲಿ ಇಂಥ ಬಾಲ ಎಷ್ಟು ಹಿಡಿಯುತ್ತವೆ? ಸುಮಾರು 56. ಪ್ರಯೋಗದಲ್ಲಿ ಸಿಗುವುದು 60ರ ಆಸುಪಾಸು! ಇಷ್ಟು ಸಣ್ಣ ಲೆಕ್ಕ ಇಷ್ಟು ಹತ್ತಿರ ಬರುವುದು ನನಗೆ ಈಗಲೂ ಖುಷಿ ಕೊಡುತ್ತದೆ. ಲಿಪಿಡ್‌ಗೆ ಎರಡು ಬಾಲ. ಗಾತ್ರ ದುಪ್ಪಟ್ಟು, ಉದ್ದ ಅಷ್ಟೇ. ಹಾಗಾಗಿ ಹಾಳೆ.

ಜಾಸ್ತಿ ಜನ ಎಡವುವುದು ತಲೆಯ ಜಾಗದ ವಿಷಯದಲ್ಲಿ. ಅದು ಅಣುವಿನ ಜೊತೆ ಹುಟ್ಟಿ ಬಂದ ಅಳತೆ ಅಲ್ಲ. ಬಾಲಗಳು ನೀರಿಗೆ ತಾಗಬಾರದು ಅಂತ ಅಣುಗಳು ಒತ್ತಿಕೊಳ್ಳುತ್ತವೆ, ತಲೆಗಳ ಋಣ ವಿದ್ಯುದಂಶ ಒಂದನ್ನೊಂದು ದೂರ ತಳ್ಳುತ್ತದೆ. ಈ ಎರಡೂ ಸರಿತೂಗುವ ಕಡೆ ಜಾಗ ನಿಲ್ಲುತ್ತದೆ. ನೀರಿಗೆ ಉಪ್ಪು ಹಾಕಿದರೆ ತಳ್ಳಾಟ ತಗ್ಗುತ್ತದೆ, ತಲೆಯ ಜಾಗ ಕುಗ್ಗುತ್ತದೆ, ಗಡಿಯಲ್ಲಿದ್ದ ಉಂಡೆ ಕೋಲಾಗುತ್ತದೆ. ಶಾಂಪೂ ಗಟ್ಟಿಯಾಗಲು ಉಪ್ಪು ಹಾಕುವುದೂ ಇದಕ್ಕೇ: ಉದ್ದ ಕೋಲುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಪುಸ್ತಕದ ಪಟ್ಟಿಯಿಂದ ಈ ಸಂಖ್ಯೆ ಎತ್ತುವಾಗ ಉಪ್ಪು ಎಷ್ಟಿತ್ತು, ಉಷ್ಣತೆ ಎಷ್ಟಿತ್ತು ಅಂತ ನೋಡಲೇಬೇಕು.

ಆದರೆ ಎಷ್ಟು ಸೋಪು ಬಿದ್ದಾಗ ಮಿಸೆಲ್ ಶುರುವಾಗುತ್ತೆ, ಎರಡು ಬಗೆಯ ಅಣು ಬೆರೆತರೆ ಏನಾಗುತ್ತೆ ಅನ್ನುವುದನ್ನು ಈ ಅನುಪಾತ ಹೇಳುವುದಿಲ್ಲ. ಅಲ್ಲಿ ಸಿಮ್ಯುಲೇಶನ್ ಬೇಕು. ಮಾರ್ಟಿನಿ ಮಾದರಿಯಿಂದ ಶುರು ಮಾಡಿ. ಅದರಲ್ಲಿ ಸುಮಾರು ನಾಲ್ಕು ಭಾರವಾದ ಪರಮಾಣುಗಳಿಗೆ (ಹೈಡ್ರೋಜನ್ ಬಿಟ್ಟು ಉಳಿದವಕ್ಕೆ) ಒಂದೇ ಮಣಿ, ಹಾಗಾಗಿ ಲೆಕ್ಕ ಬೇಗ ಮುಗಿಯುತ್ತದೆ.