ಕಾಯಿಸುವುದನ್ನು ಮರೆತ ಡೈನೋಸಾರ್‌ಗಳು

“ಜುರಾಸಿಕ್ ಪಾರ್ಕ್ ಸರಣಿ ಬರಬರುತ್ತಾ ಸಪ್ಪೆಯಾಗಿದೆ ಅಂತ ನಾನು. ಚಿತ್ರ ಕೆಟ್ಟಿಲ್ಲ, ನಿನಗೇ ವಯಸ್ಸಾಯ್ತು ಅಂತ ಗೆಳೆಯರು. ಹೊಸದು ಬಂದಾಗಲೆಲ್ಲ ಮೊದಲ ದಿನವೇ ಹೋಗ್ತೀವಿ. ಆಮೇಲೆ ಮಿರ್ಚಿ ಅಂಗಡಿ ಮುಂದೆ ಇದೇ ಜಗಳ. ತೀರ್ಪು ನೀವು ಕೊಡಿ.”
– ಓದುಗರೊಬ್ಬರು, ತೋರಣಗಲ್ಲು

ನಿಮ್ಮ ಗೆಳೆಯರ ಮಾತಲ್ಲೂ ಸ್ವಲ್ಪ ನಿಜ ಇದೆ. ಹನ್ನೆರಡರಲ್ಲಿ ಕಂಡ ಬೆರಗು ನಲವತ್ತಕ್ಕೆ ಸಿಗುವುದಿಲ್ಲ. ಆದರೂ ನಾನು ನಿಮ್ಮ ಕಡೆ.

1993ರ ಮೊದಲ ಚಿತ್ರ ಎರಡು ಗಂಟೆ ಏಳು ನಿಮಿಷದ್ದು. ಅದರಲ್ಲಿ ಡೈನೋಸಾರ್‌ಗಳು ಕಾಣುವುದು ಸುಮಾರು 15 ನಿಮಿಷ ಮಾತ್ರ. ದೈತ್ಯ ಮಾಂಸಾಹಾರಿ ಡೈನೋಸಾರ್ ಟಿ ರೆಕ್ಸ್ ಬರಲು ಗಂಟೆ ಹಿಡಿಯುತ್ತದೆ. ಅದಕ್ಕೂ ಮೊದಲು ಏನು ಬರುತ್ತದೆ, ನೆನಪಿದೆಯಾ? ಕಾರಿನೊಳಗೆ ಲೋಟದ ನೀರು ನಡುಗುತ್ತದೆ. ಅಷ್ಟೇ. ಆ ನಡುಕಕ್ಕಾಗಿ ಲೋಟದ ಕೆಳಗೆ ಗಿಟಾರ್ ತಂತಿ ಕಟ್ಟಿ ಮೀಟಿದ್ದರು. ಚಿತ್ರಕ್ಕೆ ಪ್ರಾಣಿಗಳ ಮಾದರಿ ಮಾಡಿದ ಸ್ಟ್ಯಾನ್ ವಿನ್‌ಸ್ಟನ್ ತಂಡ ನಿಜ ಗಾತ್ರದ ಟಿ ರೆಕ್ಸನ್ನೇ ಕಟ್ಟಿ ನಿಲ್ಲಿಸಿತ್ತು. ಮಳೆ ದೃಶ್ಯದಲ್ಲಿ ಅದರ ರಬ್ಬರ್ ಚರ್ಮ ನೀರು ಕುಡಿದು, ಭಾರಕ್ಕೆ ಗಡಗಡ ನಡುಗುತ್ತಿತ್ತಂತೆ. ಟವೆಲ್ ಹಿಡಿದು ಒರೆಸಿ ಒಣಗಿಸುತ್ತಿದ್ದರು. ಎದುರಿಗಿದ್ದ ಮಕ್ಕಳ ಕಿರುಚಾಟದಲ್ಲಿ ಆ ತೂಕ ಕೇಳಿಸುತ್ತದೆ.

2015ರ ಚಿತ್ರದಲ್ಲಿ, ಜನರಿಗೆ ಮಾಮೂಲಿ ಡೈನೋಸಾರ್ ಬೇಜಾರಾಗಿದೆ ಅಂತ ಲ್ಯಾಬಿನಲ್ಲಿ ಹೊಸ ಪ್ರಾಣಿ ಹುಟ್ಟಿಸುತ್ತಾರೆ. ಚಿತ್ರ ಮಾಡುವವರಿಗೂ ಅದೇ ರೋಗ ಹತ್ತಿತು. 2022ರದ್ದರಲ್ಲಿ ಬೆಳೆ ತಿನ್ನುವ ದೈತ್ಯ ಮಿಡತೆಗಳ ಸುತ್ತಲೇ ಕಥೆ. ಡೈನೋಸಾರ್ ಪಕ್ಕಕ್ಕೆ ನಿಂತಿತು. ನನಗೆ ಹೊಟ್ಟೆ ಉರಿಯಿತು.

ಅಕ್ಕನ ಮೊಮ್ಮಗನನ್ನು ಒಮ್ಮೆ ದರೋಜಿ ಕರಡಿಧಾಮಕ್ಕೆ ಕರೆದುಕೊಂಡು ಹೋಗಿದ್ದೆ. ಗೋಪುರದ ಮೇಲೆ ಎರಡು ತಾಸು ಕೂತೆವು. ಎದುರಿಗೆ ಬರೀ ಬಂಡೆ, ನವಿಲು. ಹುಡುಗ ಮೊದಲು ಗೊಣಗಿದ, ಆಮೇಲೆ ಸುಮ್ಮನಾದ. ಸಂಜೆ ಬಂಡೆಯ ಸಂದಿಯಲ್ಲಿ ಏನೋ ಕಪ್ಪಗೆ ಅಲ್ಲಾಡಿತು. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಅದೇ ಹುಡುಗ ಹೊಸ ಡೈನೋಸಾರ್ ಚಿತ್ರ ನೋಡುತ್ತಾ ಆಕಳಿಸಿದ್ದ. ಅವನಿಗೇನು ವಯಸ್ಸಾಗಿತ್ತಾ? ಗೆಳೆಯರನ್ನು ಕೇಳಿ.

ನಿಮ್ಮ ಮೇಲೂ ಒಂದು ತಕರಾರಿದೆ. ಸಪ್ಪೆ ಅಂತ ಗೊತ್ತಿದ್ದೂ ಮೊದಲ ದಿನವೇ ಯಾಕೆ ಓಡುತ್ತೀರಿ? 2015ರದ್ದು ಜಗತ್ತಿನಾದ್ಯಂತ 160 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು. ಹೀಗೆ ದುಡ್ಡು ಬರುತ್ತಿದ್ದರೆ ಅವರು ಯಾಕೆ ಬದಲಾಗುತ್ತಾರೆ?

ನೋಡುಗರನ್ನು ಕಾಯಿಸುವುದನ್ನು ಮರೆತದ್ದು ಸಿನಿಮಾ ಒಂದೇ ಅಲ್ಲ. ನಮ್ಮ ದೊಡ್ಡಾಟದಲ್ಲಿ ರಾಕ್ಷಸ ಕಾಣಿಸುವ ಮೊದಲು ಪರದೆಯ ಹಿಂದಿನಿಂದ ಅಬ್ಬರ ಕೇಳುತ್ತಿತ್ತು. ಅಜ್ಜಿಯ ಸೆರಗು ಹಿಡಿದು ಕಾಯುತ್ತಿದ್ದೆವು. ಬೆಳತನಕ ನಡೆಯುವ ಆಟಕ್ಕೆ ಈಗ ವೇದಿಕೆಯಲ್ಲಿ ಅರ್ಧ ಗಂಟೆ ಕೊಡುತ್ತಾರೆ. ಒಂದು ಕಡೆ ಹಿರಿಯ ಕಲಾವಿದರು ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ನಿಂತೇ ಇದ್ದರು. ಭಾಷಣಗಳೇ ಮುಗಿಯಲಿಲ್ಲ. ಕೊನೆಗೆ ಅವರು ರಂಗಕ್ಕೆ ಬಂದಾಗ “ಬೇಗ ಮುಗಿಸಿ” ಅಂತ ಸಂಘಟಕರು ಮೈಕಿನಲ್ಲೇ ಹೇಳಿದರು. ಆ ಹಿರಿಯರ ಮುಖ ಇನ್ನೂ ಕಣ್ಣ ಮುಂದಿದೆ.

ಒಂದು ಭಾನುವಾರ ಗೆಳೆಯರನ್ನೂ ಕರೆದುಕೊಂಡು ದರೋಜಿಗೆ ಹೋಗಿ. ನಿಮ್ಮೂರಿಂದ ದೂರವೇನಿಲ್ಲ. ಮೊಬೈಲ್ ಜೇಬಿನಲ್ಲಿರಲಿ. ಕರಡಿ ಎಷ್ಟು ಹೊತ್ತಿಗೆ ಬಂತು, ಬರುವತನಕ ಯಾರು ಏನು ಮಾತಾಡಿದಿರಿ, ಬರೆದು ಕಳಿಸಿ. ಅಚ್ಚು ಹಾಕುತ್ತೇನೆ.

– ಸಂ.